ಮಂಚ ತೆಗೆದ ಖೋಲಿ

ನಾನು ಮೊಬೈಲ್ ಅಂಗಡಿಯಲ್ಲಿ ಗಿರಾಕಿಗಳ ಫೋನಿಗೆ ಗಾಜು ಅಂಟಿಸುವವನು. ವಾರವಿಡೀ ಅಲ್ಲಾಡುವುದು ಬೆರಳು ಮಾತ್ರ. ಹಾಗಾಗಿ ಭಾನುವಾರ ಮಾಳಿಂಗರಾಯನ ಖೋಲಿಯಲ್ಲಿ ಕುಣಿಯಲು ನಿಂತರೆ ಉಳಿದ ಮೈ ನನ್ನ ಮಾತು ಕೇಳುವುದಿಲ್ಲ. ಒಮ್ಮೆ ಸೊಳ್ಳೆ ಕಚ್ಚಿತೆಂದು ತೊಡೆಗೆ ಹೊಡೆದುಕೊಂಡೆ. ಟಿವಿ ಆಟದ ಕ್ಯಾಮೆರಾ ಅದಕ್ಕೆ ಪೂರಾ ನಕ್ಷತ್ರ ಕೊಟ್ಟಿತು. ನನ್ನ ನೃತ್ಯಜೀವನದ ಶಿಖರ ಅದೇ.

ಆಟ ಮಾಳಿಂಗರಾಯನದು. ಟಿವಿಯ ಮೇಲೊಂದು ಕ್ಯಾಮೆರಾ. ಪರದೆಯೊಳಗೆ ಬಣ್ಣದ ಗೊಂಬೆ ಕುಣಿಯುತ್ತದೆ, ಎದುರು ನಿಂತವರು ಹಾಗೇ ಕುಣಿಯಬೇಕು, ಕ್ಯಾಮೆರಾ ನೋಡಿ ಅಂಕ ಹಾಕುತ್ತದೆ. ಮಾಳಿಂಗರಾಯ ಕಮಲಾಪುರದವನು. ನೆಹರು ಗಂಜಿನಲ್ಲಿ ಒಬ್ಬ ತೊಗರಿ ವ್ಯಾಪಾರಿಯ ಬಳಿ ತೂಕ ನೋಡುತ್ತಾನೆ. ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಓಣಿಯಲ್ಲಿ ಬಾಡಿಗೆಯ ಒಂದೇ ಖೋಲಿ. ಮೊದಮೊದಲು ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಮಾತು ಕಡಿಮೆ, ಏನು ಕೇಳಿದರೂ ‘ಆಯ್ತು’. ಬಸ್ಸಿನಲ್ಲಿ ಯಾರಾದರೂ ತನ್ನ ಸೀಟಿನತ್ತ ನೋಡಿದರೆ ಸಾಕು, ಎದ್ದು ನಿಲ್ಲುವ ಆಸಾಮಿ. ಯಾರೋ ಆಡಿ ಬಿಟ್ಟಿದ್ದ ಈ ಆಟವನ್ನು ಅವನು ಕೊಂಡು ತಂದ ಮೇಲೆ ನಾವು ಅವನ ಜೀವದ ಗೆಳೆಯರಾದೆವು. ನಾವು ಅಂದರೆ ನಾನು, ಕನ್ನಡಕದ ಅಂಗಡಿಯ ಫೈಜಾನ್, ಮತ್ತೆ ಫೈಜಾನ್ ಕರೆತಂದವರು. ಊರಿಂದ ಅವನು ತರುತ್ತಿದ್ದ ಕೆಂಪು ಬಾಳೆಹಣ್ಣಿನ ಮೇಲೂ ನಮಗೆ ಪ್ರೀತಿ ಇತ್ತು.

ಕ್ಯಾಮೆರಾಕ್ಕೆ ತಲೆಯಿಂದ ಪಾದದವರೆಗೆ ಕಾಣಬೇಕು. ಕಾಣದಿದ್ದರೆ ಇನ್ನೂ ಹಿಂದೆ ಸರಿಯಿರಿ ಎಂದು ಪರದೆಯ ಮೇಲೆ ಬರುತ್ತದೆ. ಹಿಂದೆ ಅಲಮಾರಿ ಇತ್ತು. ಮನೆ ಮಾಲಕರ ಪಡಸಾಲೆ ಸೇರಿತು. ಕೊನೆಗೆ ಉಳಿದದ್ದು ಕಬ್ಬಿಣದ ಮಂಚ.

"ಇದೊಂದು ತಗದ್ರ ನಾಲ್ಕ ಮಂದಿ ಆರಾಮ ಕುಣೀಬಹುದು ನೋಡ್ ಯಾರ್," ಎಂದ ಫೈಜಾನ್.

"ಮತ್ತ ನಾ ಎಲ್ಲಿ ಮಲಗ್ಲಿ?"

"ಚಾಪಿ ಅದಲ್ಲೋ! ಬೆನ್ನಿಗಿ ಚಲೋ."

"ಆಯ್ತು," ಎಂದ ಮಾಳಿಂಗರಾಯ.

ಮಂಚ ನನ್ನ ಖೋಲಿಗೆ ಬಂತು. ಅದಕ್ಕೆ ಜಾಗವಿದ್ದದ್ದು ನನ್ನಲ್ಲೇ, ಯಾಕೆಂದರೆ ನನ್ನ ಹತ್ತಿರ ಮಂಚ ಇರಲಿಲ್ಲ.

ಅಷ್ಟರಲ್ಲಿ ಅವನಿಗೆ ಕಮಲಾಪುರದ ಅಂಬಿಕಾಳ ಸಂಬಂಧ ಕೂಡಿಬಂತು. ಇಬ್ಬರಿಗೂ ಒಪ್ಪಿಗೆ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ ಅಂತೆ: "ಖೋಲಿಗಿ ಕಿಟಕಿ ಅದ ಏನ್ರೀ?" ಇದನ್ನು ಅವನು ನಮಗೆ ಮತ್ತೆ ಮತ್ತೆ ಹೇಳಿದ, ಕಿಟಕಿಯ ಸರಳುಗಳನ್ನು ತಿಕ್ಕಿ ತೊಳೆದ. ಇನ್ನು ಉಳಿದದ್ದು ಹುಡುಗಿಯ ಕಡೆಯವರು ಬಂದು ಮನೆ ನೋಡುವುದು. ಆಗ ಮೊದಲ ಸಲ ಅವನು ನಮ್ಮನ್ನು ಏನಾದರೂ ಕೇಳಿದ.

"ಐತವಾರ ಮಧ್ಯಾಹ್ನ ಬರ್ತಾರ್ರೋ. ಮುಂಜಾನೇ ಬಂದು ಮಂಚ, ಅಲಮಾರಿ ಇಟ್ಟು ಕೊಡ್ರಿ. ಅಷ್ಟ ಮಾಡ್ರಿ."

ನಾವು ಮುಂಜಾನೆಯೇ ಹೋದೆವು. ಫೈಜಾನ್ ಟಿವಿ ಹಚ್ಚಿದ.

"ಮೊದಲ ಮಂಚ ತರೂಣು," ಎಂದ ಮಾಳಿಂಗರಾಯ.

"ಅರೆ ಭಾಯಿ, ಭಾಭಿ ಬಂದ ಮ್ಯಾಲ ನಮ್ಮನ್ನ ಒಳಗ ಬಿಡ್ತಾಳೇನು? ಕಡೀ ಆಟ, ಒಂದೇ ಹಾಡು."

ಅವನು ಕಿಟಕಿಯತ್ತ ನೋಡಿದ. "ಆಯ್ತು."

ಒಂದು ಹಾಡು ಇನ್ನೊಂದಾಯಿತು. ಸೆಕೆಗೆ ಬಾಗಿಲು ತೆರೆದೇ ಇತ್ತು. ನಾವು ಕೈ ಮೇಲೆತ್ತಿ ಸೊಂಟ ತಿರುವುತ್ತಿದ್ದಾಗ ಪರದೆಯಲ್ಲಿ ನಮ್ಮ ಹಿಂದೆ ಇನ್ನೆರಡು ಆಕಾರ ಮೂಡಿದವು. ಬಾಗಿಲಲ್ಲಿ ನಿಂತವರನ್ನೂ ಕ್ಯಾಮೆರಾ ಆಟಕ್ಕೆ ಸೇರಿಸಿಕೊಂಡಿತ್ತು: ಅಂಬಿಕಾಳ ತಾಯಿ ಮಾಳಮ್ಮ, ಸೋದರಮಾವ ಯಂಕಪ್ಪ. ಯಾರದೋ ಜೀಪು ಸಿಕ್ಕಿ ಬೇಗ ಬಂದಿದ್ದರು. ಹಾಡು ಮುಗಿದರೆ ಈ ಆಟ ಎಲ್ಲರ ಫೋಟೊ ತೋರಿಸುತ್ತದೆ, ತಮಾಷೆಗೆ ಏನೇನೋ ತೊಡಿಸಿ. ಮಾಳಮ್ಮನ ಸೆರಗಿನ ಮೇಲೆ ಬೆಕ್ಕಿನ ಕಿವಿ ಬಂದಿತ್ತು, ಯಂಕಪ್ಪನ ರುಮಾಲಿನ ಮೇಲೆ ಕಿರೀಟ. ಫೈಜಾನ್ ಕರೆತಂದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮಾಳಮ್ಮ ನಾಲ್ಕೂ ಗೋಡೆ ನೋಡಿದಳು. "ಮಂಚ ಇಲ್ಲೇನಪಾ?"

"ಅದರೀ ಅತ್ತಿ... ಇವನ ಖೋಲ್ಯಾಗ ಅದ." ಮಾಳಿಂಗರಾಯ ನನ್ನತ್ತ ಬೆರಳು ತೋರಿಸಿದ. ನಾನು ಇನ್ನೂ ಒಂದು ಕೈ ಮೇಲೆತ್ತಿಕೊಂಡೇ ಇದ್ದೆ.

"ಅಲಮಾರಿ?"

"ಮಾಲಕರ ಕಡಿ ಅದರೀ."

ಯಂಕಪ್ಪ ಚಪ್ಪಲಿ ಬಿಡಲೇ ಇಲ್ಲ. "ಎಲ್ಲಾ ಮಂದಿ ಮನ್ಯಾಗ ಇಟ್ಟೀದಿ ತಮ್ಮಾ. ನಮ್ಮ ಹುಡಿಗಿನ್ನ ಯಾರ ಮನ್ಯಾಗ ಇಡ್ತಿ?"

"ಚಾಚಾ, ಈಗ ತರ್ತೀವ್ರೀ, ಐದೇ ಮಿನಿಟ್," ಎಂದ ಫೈಜಾನ್.

"ಬ್ಯಾಡ್ರೀ. ಕುಣೀರಿ, ಕುಣೀರಿ. ನಾವೇ ನಡುವ ಬಂದ್ವಿ."

ಕೊಟ್ಟ ನೀರನ್ನು ಮಾಳಮ್ಮ ನಿಂತೇ ಕುಡಿದಳು. ಹೋಗುವಾಗ ಒಮ್ಮೆ ಕಿಟಕಿ ನೋಡಿದಳು.

ಆ ಸಂಜೆ ನಾವು ಭಾರೀ ಹುರುಪಿನಿಂದ ಮಂಚ, ಅಲಮಾರಿ ತಂದು ಇಟ್ಟೆವು. ವಾರದೊಳಗೆ ಊರಿಂದ ಫೋನು ಬಂತು: ಹುಡುಗಿ ಮುಂದೆ ಓದುತ್ತಾಳಂತೆ. ಅಂಬಿಕಾಳ ಬಿ.ಎಡ್. ಆಗಲೇ ಮುಗಿದಿತ್ತು.

ಮುಂದಿನ ಭಾನುವಾರ ಹೋಗಬಾರದು ಅಂದುಕೊಂಡೆ. ಹೋದೆ. ಎಲ್ಲರೂ ಬಂದಿದ್ದರು. ಫೈಜಾನ್ ಆಟ ಹಚ್ಚಿದ. ಪರದೆ ಹಿಂದೆ ಸರಿಯಿರಿ ಎಂದಿತು, ಸರಿದೆವು, ಮಂಚದ ಅಂಚು ಮೀನಖಂಡಕ್ಕೆ ತಗುಲಿತು. ಮಾಳಿಂಗರಾಯನೇ ಬಾಗಿ ಮಂಚದ ಒಂದು ತುದಿ ಎತ್ತಿ ನನ್ನತ್ತ ನೋಡಿದ.

"ಏನ್ ನೋಡ್ಕೋತ ನಿಂತೀದಿ? ಆ ಕಡಿ ಹಿಡಿ."

"ಇರ್ಲಿ ಬಿಡೋ, ಮಾಳ್ಯಾ."

"ಹಿಡೀ ಅಂದ್ನಲ್ಲ. ನಿನಗ ಇದರ ಮ್ಯಾಲ ನಿದ್ದಿ ಚಲೋ ಬರ್ತದಿಲ್ಲ?"

ಅವನು ಚುಚ್ಚುತ್ತಿರಲಿಲ್ಲ, ನಿಜವಾಗಿ ಕೇಳುತ್ತಿದ್ದ.

"ಬರ್ತದ," ಎಂದೆ. ಇನ್ನೊಂದು ತುದಿ ಹಿಡಿದೆ.