ಮಹಾಬಲ ರೈಗಳು ತೆಗೆದ ಫೋಟೋ

ದನಗಳಿಗೆ ಆದಿತ್ಯವಾರ ಇಲ್ಲ. ಇದನ್ನು ಮಹಾಬಲ ರೈಗಳಷ್ಟು ಚೆನ್ನಾಗಿ ತಿಳಿದವರು ಪೆರಾಬೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಹಬ್ಬವಿರಲಿ, ಬಂದ್ ಇರಲಿ, ಸ್ವಂತ ಮಗಳ ಮದುವೆಯೇ ಇರಲಿ, ದನ ಹಾಲು ಕೊಡುತ್ತದೆ, ಜನ ಅದನ್ನು ಸೊಸೈಟಿಗೆ ಹೊತ್ತು ತರುತ್ತಾರೆ, ಅಳೆದುಕೊಳ್ಳಲಿಕ್ಕೆ ರೈಗಳು ಅಲ್ಲಿ ನಿಂತಿರಬೇಕು. ಮೀಸೆ ಕಪ್ಪಗಿದ್ದಾಗ ಸೇರಿದ ಕೆಲಸ, ಈಗ ಹುಬ್ಬೂ ನರೆತಿದೆ. ಕತ್ತಲಲ್ಲೇ ಹೋಗಿ ಬಾಗಿಲು ತೆಗೆಯುವುದು, ಮೆಶಿನಿಗೆ ಹಾಲು ಹಾಕಿ ಫ್ಯಾಟ್ ನೋಡುವುದು, ಕ್ಯಾನಿಗೆ ಸುರಿಯುವುದು, ಲಾರಿ ಬಂದಾಗ ಕ್ಯಾನು ಎತ್ತಿ ಕೊಡುವುದು, ಮನೆಗೆ ಬಂದು ಗಂಜಿ ಉಂಡು ಸ್ವಲ್ಪ ಅಡ್ಡಾಗುವುದು, ಸಂಜೆ ಪುನಃ ಅದೇ.

ನೆಂಟರ ಮನೆಯಲ್ಲಿ ಒಂದು ರಾತ್ರಿ ನಿಂತ ನೆನಪು ಅವರಿಗಿಲ್ಲ. ಸೊಂಟ ನೋಯುತ್ತದೆ, ಮೊಣಕಾಲು ನೋಯುತ್ತದೆ. ಅದಕ್ಕೆಲ್ಲ ಎಣ್ಣೆ ಉಜ್ಜಬಹುದು. ಆದರೆ ‘ಇವತ್ತು ಫ್ಯಾಟ್ ಯಾಕೆ ಕಮ್ಮಿ ರೈಗಳೇ?’ ಎಂಬ ಪ್ರಶ್ನೆ ಕೇಳಿದಾಗ ಆಗುವ ಸುಸ್ತಿಗೆ ಎಣ್ಣೆ ಎಲ್ಲಿಂದ ತರುವುದು? ಅದಕ್ಕೆ ಉತ್ತರ ದನ ಹೇಳಬೇಕೇ ಹೊರತು ರೈಗಳಲ್ಲ. ದಿನಾ ಅದೇ ಪ್ರಶ್ನೆ, ದಿನಾ ಅದೇ ಮುಖಗಳು. ಸಾಕಾಗಿತ್ತು ಅವರಿಗೆ. ಸಾಕಾಯಿತು ಎಂದು ಬಾಯಿಬಿಟ್ಟು ಹೇಳುವುದಕ್ಕೂ ಸಾಕಾಗಿತ್ತು.

ಇಂಥ ಮನುಷ್ಯನಿಗೆ ಫೋಟೋದ ಹುಚ್ಚು ಹಿಡಿದದ್ದು ಹೇಗೆಂದರೆ, ಮಗಳು ಹೊಸ ಮೊಬೈಲ್ ಕೊಂಡವಳು ಹಳೆಯದನ್ನು ಅಪ್ಪನಿಗೆ ದಾಟಿಸಿದಳು. ಒಂದು ಬೆಳಿಗ್ಗೆ ಇನ್ನೂ ಯಾರೂ ಹಾಲು ತಂದಿರಲಿಲ್ಲ. ರೈಗಳು ಜಗಲಿಯಲ್ಲಿ ಆಕಳಿಸುತ್ತ ನಿಂತಿದ್ದರು. ಮೂಡು ದಿಕ್ಕಿನ ಗುಡ್ಡೆಯ ಮೇಲೆ ಆಕಾಶಕ್ಕೆ ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣ ಬಂದಿತ್ತು. ಆ ಬಣ್ಣ ಅಲ್ಲಿಗೆ ಹೊಸತೇನಲ್ಲ, ಇಷ್ಟು ವರ್ಷವೂ ಬರುತ್ತಿತ್ತು. ಇವರು ಕತ್ತೆತ್ತಿರಲಿಲ್ಲ, ಅಷ್ಟೆ. ಮೊಬೈಲ್ ತೆಗೆದು ಒತ್ತಿದರು. ಊರಿನ ವಾಟ್ಸಾಪ್ ಗುಂಪಿಗೆ ಒಂದಕ್ಷರ ಬರೆಯದೆ ಹಾಕಿದರು. ಆಮೇಲೆ ಕ್ಯಾನು ಎತ್ತುವಾಗ ಅವತ್ತು ಮೊಣಕಾಲಿನ ನೆನಪಾಗಲಿಲ್ಲ.

ಅಂದಿನಿಂದ ಆ ಒಂದು ಗಳಿಗೆಗಾಗಿಯೇ ಅವರು ಹಾಸಿಗೆಯಿಂದ ಏಳುವುದು ಎಂದಾಯಿತು. ಆಕಾಶವಾದ ಮೇಲೆ ರಸ್ತೆ. ಮಂಜಿನೊಳಗಿಂದ ಬರುವ ಮೊದಲ ಬಸ್ಸು, ಸೊಸೈಟಿಯ ಮೆಟ್ಟಿಲಲ್ಲಿ ಮುದುಡಿ ಮಲಗಿದ ನಾಯಿ, ಚೀಲಕ್ಕಿಂತ ಸಣ್ಣಗಿರುವ ಶಾಲೆಯ ಮಕ್ಕಳು. ಕೊನೆಗೆ ಹಾಲು ತರುವವರು. ದಿನಾ ನೋಡಿ ಬೇಸರ ಬಂದಿದ್ದ ಮುಖಗಳೇ ಮೊಬೈಲಿನಲ್ಲಿ ಬೇರೆ ಕಾಣುತ್ತಿದ್ದವು. ‘ಇವರಿಗೆ ಇಷ್ಟು ಚೆಂದ ನಗಲಿಕ್ಕೆ ಬರುತ್ತದೆ ಎಂದು ಗೊತ್ತೇ ಇರಲಿಲ್ಲ’ ಎಂದು ಹೆಂಡತಿ ವಾರಿಜಾಕ್ಷಿಗೆ ತೋರಿಸುತ್ತಿದ್ದರು. ಆಕೆ ಒಲೆಯ ಕಡೆಗೇ ಮುಖಮಾಡಿ ‘ಹೂಂ’ ಎನ್ನುತ್ತಿದ್ದಳು.

ಹೀಗಿರುವಾಗ ಸೊಸೈಟಿಗೆ ಹಾಲು ತರುತ್ತಿದ್ದ ಚೆನ್ನು ಅಜ್ಜಿ ತೀರಿಹೋದರು. ತುಂಬು ಪ್ರಾಯ, ನರಳದೆ ಹೋದ ಜೀವ. ಉತ್ತರಕ್ರಿಯೆಯ ದಿನ ಮಲ್ಲಿಗೆ ಹಾರ ಹಾಕಿ ಇಡಲಿಕ್ಕೆ, ದಾರಿಯ ಬದಿಯಲ್ಲಿ ಬ್ಯಾನರ್ ಕಟ್ಟಲಿಕ್ಕೆ ಮನೆಯವರು ಫೋಟೋ ಹುಡುಕಿದರೆ ಸಿಕ್ಕಿದ್ದು ಆಧಾರ್ ಕಾರ್ಡಿನದ್ದೊಂದೇ. ಅದರಲ್ಲಿ ಅಜ್ಜಿ ಬೈಲಿನಲ್ಲಿ ಬಾಳೆಗೊನೆ ಕದ್ದು ಸಿಕ್ಕಿಬಿದ್ದವರ ಹಾಗೆ ಇದ್ದರು. ಆಗ ಯಾರಿಗೋ ರೈಗಳ ನೆನಪಾಯಿತು. ಅಜ್ಜಿ ಹಾಲಿನ ಪಾತ್ರೆ ಹಿಡಿದು ಬೊಚ್ಚುಬಾಯಿಯಲ್ಲಿ ನಗುವ ಫೋಟೋ ಅವರ ಮೊಬೈಲಿನಲ್ಲಿತ್ತು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಬಂದವರೆಲ್ಲ ಅದನ್ನು ನೋಡಿ ‘ಫೋಟೋಲ್ಲಿ ಜೀವ ಉಂಟು ಮಾರಾಯ್ರೆ’ ಎಂದರು. ರೈಗಳಿಗೆ ಒಳಗೊಳಗೇ ಹೆಮ್ಮೆ. ಸಾವಿನ ಮನೆಯಲ್ಲಿ ಹೆಮ್ಮೆ ಪಡುವುದು ಸರಿಯಲ್ಲವೆಂದು ಎರಡನೇ ಸಲ ಪಾಯಸ ಬೇಡವೆಂದರು.

ಮಳೆಗಾಲ ಮುಗಿಯುವುದರೊಳಗೆ ರಿಕ್ಷಾದ ಪ್ರೇಮನಾಥ ಎದೆನೋವೆಂದು ಕೂತವನು ಏಳಲಿಲ್ಲ. ಅವನಿಗೂ ರೈಗಳ ಫೋಟೋವೇ ಆಯಿತು, ಮಂಜಿನಲ್ಲಿ ರಿಕ್ಷಾಕ್ಕೆ ಒರಗಿ ಚಹಾ ಕುಡಿಯುವುದು. ಅವನ ಹಿಂದೆಯೇ ಇನ್ನೂ ಒಂದಿಬ್ಬರು. ಅಲ್ಲಿಗೆ ಊರಿನಲ್ಲಿ ಗುಸುಗುಸು ಶುರುವಾಯಿತು: ಮಹಾಬಲ ರೈಗಳು ಫೋಟೋ ತೆಗೆದರೆ ಬ್ಯಾನರ್ ಆದ ಹಾಗೆಯೇ ಲೆಕ್ಕ.

ಮೊದಲು ತಮಾಷೆಗೆ ಹೇಳಿದ್ದು. ತಮಾಷೆ ಎಂಬುದು ನಮ್ಮೂರಲ್ಲಿ ಬೇಗ ನಂಬಿಕೆಯಾಗುತ್ತದೆ. ರೈಗಳು ಮೊಬೈಲ್ ಎತ್ತಿದ ಕೂಡಲೇ ಹಾಲು ತಂದವರು ಬೆನ್ನು ತಿರುಗಿಸತೊಡಗಿದರು. ಒಬ್ಬರು ಟವೆಲು ಮುಖಕ್ಕೆ ಎಳೆದುಕೊಂಡರು. ಇನ್ನೊಬ್ಬರು ‘ಮಗಳ ಮದುವೆ ಆಗ್ಲಿ ರೈಗಳೇ, ಮತ್ತೆ ತೆಗೆಯುವಾ’ ಎಂದು ಕೈಮುಗಿದರು. ಹಾಲು ತರುವವರಲ್ಲಿ ಹೆದರದವಳೆಂದರೆ ರುಕಿಯಾ ಒಬ್ಬಳೇ. “ನಮ್ಮಲ್ಲಿ ಸತ್ತವರ ಫೋಟೋ ಇಡುವ ಕ್ರಮವೇ ಇಲ್ಲ. ನಿಮ್ಮ ಮೊಬೈಲಿಗೆ ನಾನೆಂತಕ್ಕೆ ಹೆದರುದು?” ಎಂದು ಎಲ್ಲರೆದುರೇ ನಕ್ಕು, ತೆಗೆಯಲು ಹೊರಟರೆ ಮಾತ್ರ ‘ನನ್ನದು ಬೇಡ, ದನದ್ದು ತೆಗೀರಿ’ ಎಂದಳು.

ರೈಗಳು ಪುನಃ ಆಕಾಶಕ್ಕೇ ತಿರುಗಿದರು. ಆದರೆ ಮನುಷ್ಯರ ಮುಖದ ರುಚಿ ಕಂಡವರಿಗೆ ಬರೀ ಆಕಾಶ ಎಷ್ಟು ದಿನ? ಅದಕ್ಕೆ ಇವರು ತೆಗೆದರೂ ಒಂದೇ, ಬಿಟ್ಟರೂ ಒಂದೇ. ಬೆಳಿಗ್ಗೆ ಏಳುವುದು ಮತ್ತೆ ಭಾರವಾಗತೊಡಗಿತು.

ಆಗ ಬಂದದ್ದು ಶಂಕರಿಯಕ್ಕನ ಫೋಟೋ.

ಶಂಕರಿಯಕ್ಕನ ಮನೆ ಗುಡ್ಡೆಯ ಮೇಲೆ, ಅವರ ತಮ್ಮ ಕೃಷ್ಣಮೋಹನನ ಮನೆ ಗುಡ್ಡೆಯ ಕೆಳಗೆ. ಇಬ್ಬರ ಮನೆಯಲ್ಲೂ ದನ ಉಂಟು, ಇಬ್ಬರೂ ಇದೇ ಸೊಸೈಟಿಗೆ ಹಾಲು ತರುವವರು. ತಮ್ಮ ಎಲ್ಲರಿಗಿಂತ ಮೊದಲು ಬರುತ್ತಾನೆ, ಅಕ್ಕ ಎಲ್ಲರಿಗಿಂತ ಕೊನೆಗೆ. ಮುಖ ನೋಡಬಾರದೆಂದು ಮಾಡಿಕೊಂಡ ಏರ್ಪಾಡು. ಕೊರೋನದ ವರ್ಷ ಶಂಕರಿಯಕ್ಕನ ಮಗಳ ಮದುವೆ ತರಾತುರಿಯಲ್ಲಿ ನಡೆಯಿತು. ಯಾರ ಮನೆಗೂ ಹೋಗುವ ಹಾಗಿರಲಿಲ್ಲ, ಎಲ್ಲರಿಗೂ ಮೊಬೈಲಿನಲ್ಲೇ ಹೇಳಿಕೆ, ಅಂದರೆ ಕರೆಯೋಲೆ. ಕೃಷ್ಣಮೋಹನನಿಗೂ ಮೊಬೈಲಿನಲ್ಲೇ ಹೋಯಿತು. ಸೋದರಮಾವ! ಮನೆ ಬಾಗಿಲಿಗೆ ಬಂದು, ವೀಳ್ಯ ಕೊಟ್ಟು ಕರೆಯಬೇಕಾದ ಮಾವನಿಗೆ ಊರವರಿಗೆ ಹಾಕಿದ ಕಾಗದವನ್ನೇ ಹಾಕುವುದೆಂದರೆ? ಅವನು ಮದುವೆಗೆ ಹೋಗಲಿಲ್ಲ. ಹೋಗಲಿಲ್ಲವೆಂದು ಅಕ್ಕನಿಗೆ ಸಿಟ್ಟು. ಆಮೇಲೆ ಅವನು ಹೊಸ ಮನೆ ಕಟ್ಟಿ ಮಾಡಿದ ಒಕ್ಕಲಿಗೆ ಅಕ್ಕನಿಗೆ ಹೇಳಿಕೆಯೇ ಇಲ್ಲ. ಹೇಳಿಕೆ ಇಲ್ಲದೆ ಹೋಗುವ ಜನವೂ ಅವರಲ್ಲ.

ಆ ಬೆಳಿಗ್ಗೆ ಮಂಜು ಆಗಷ್ಟೇ ಏಳುತ್ತಿತ್ತು. ಬೇರೆಯವರೆಲ್ಲ ಹಾಲು ಕೊಟ್ಟು ಹೋಗಿಯಾಗಿತ್ತು. ಶಂಕರಿಯಕ್ಕ ಹಾಲಿನ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಗುಡ್ಡೆ ಇಳಿದು ಬರುತ್ತಿದ್ದರು, ಬೆನ್ನ ಹಿಂದೆ ಸೂರ್ಯ. ದಣಿವಾರಿಸಲು ನಿಂತು ತಲೆ ಎತ್ತಿದರು. ರೈಗಳ ಕೈ ತಡೆಯಲಿಲ್ಲ. ಬಹಳ ದಿನದ ಮೇಲೆ ಸಿಕ್ಕಿದ ಮುಖ. ಖುಷಿಯಲ್ಲಿ ಹಿಂದೆಮುಂದೆ ಯೋಚಿಸದೆ, ಯಾವತ್ತಿನಂತೆ ಒಂದಕ್ಷರ ಬರೆಯದೆ, ಗುಂಪಿಗೆ ಹಾಕಿಬಿಟ್ಟರು. ಹಾಲು ಅಳೆದರು, ಲಾರಿ ಬಂತು, ಕ್ಯಾನು ಎತ್ತಿದರು, ಮನೆಗೆ ಹೋಗಿ ಗಂಜಿ ಉಂಡು ಮಲಗಿದರು.

ವಾರಿಜಾಕ್ಷಿ ಭುಜ ಅಲ್ಲಾಡಿಸಿ ಎಬ್ಬಿಸಿದಳು. “ಏಳಿ, ಏಳಿ. ಶಂಕರಿಯಕ್ಕ ಹೋದ್ರಂತೆ!”

“ಎಲ್ಲಿಗೆ?”

“ಎಲ್ಲಿಗೆ ಅಂತ ಕೇಳ್ತಾರೆ! ತೀರಿಹೋದ್ರಂತೆ. ನೀವೇ ಫೋಟೋ ಹಾಕಿದ್ದಲ್ವಾ?”

ರೈಗಳು ಮೊಬೈಲ್ ನೋಡಿದರು. ಗುಂಪಿನ ತುಂಬ ಓಂ ಶಾಂತಿ. ಮುಗಿದ ಕೈಗಳ ಸಾಲು. ಸದ್ಗತಿ ದೊರೆಯಲಿ. ಒಳ್ಳೆಯ ಜೀವ, ಕೈಗುಣ ದೊಡ್ಡದು, ಅವರ ಮನೆಯ ನೀರುಮಜ್ಜಿಗೆ ಮರೆಯುವ ಹಾಗಿಲ್ಲ. ಒಬ್ಬ ‘ಎಷ್ಟು ಹೊತ್ತಿಗೆ ಎತ್ತುದು?’ ಎಂದು ಕೇಳಿದ್ದ. ಅದಕ್ಕೆ ಇನ್ನೊಬ್ಬ ‘ಮಗಳು ಕಬಕದಿಂದ ಬರ್ಬೇಕಲ್ಲ, ಮಧ್ಯಾಹ್ನ ಆಗ್ಬಹುದು’ ಎಂದು ಉತ್ತರವನ್ನೂ ಕೊಟ್ಟಿದ್ದ. ಒಬ್ಬನಾದರೂ ಆ ಮನೆಗೆ ಫೋನ್ ಮಾಡಿ ಕೇಳಿರಲಿಲ್ಲ.

ರೈಗಳು ಕೂಡಲೇ ‘ಶಂಕರಿಯಕ್ಕ ಬದುಕಿದ್ದಾರೆ. ಸುಮ್ಮನೆ ಹಾಕಿದ್ದು’ ಎಂದು ಬರೆದರು. ಅದರ ಕೆಳಗೂ ಇಬ್ಬರು ಓಂ ಶಾಂತಿ ಎಂದರು. ಆಮೇಲೆ ಬೈಗುಳ ಶುರುವಾಯಿತು. ಪ್ರಾಯಕ್ಕೆ ಸರಿಯಾಗಿ ಬುದ್ಧಿ ಬೇಡವೇ, ಫೋಟೋ ತೆಗೆಯುವ ಚಟ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಲಿ, ಇನ್ನು ಮುಂದೆ ಗುಂಪಿಗೆ ಮನುಷ್ಯರ ಫೋಟೋ ಹಾಕಬಾರದು. ರೈಗಳು ಫೋಟೋ ಅಳಿಸಿದರು. ವಾದ ಮಾಡಲು ತ್ರಾಣವಿರಲಿಲ್ಲ. ಇನ್ನು ತೆಗೆಯುವುದೇ ಇಲ್ಲ ಎಂದುಕೊಂಡರು. ಹಾಗೆಂದುಕೊಂಡ ಕೂಡಲೇ ನಾಳೆಯ ಬೆಳಗು, ನಾಡಿದ್ದಿನ ಬೆಳಗು, ಮೆಶಿನು, ಕ್ಯಾನು, ಲಾರಿ ಎಲ್ಲ ಒಟ್ಟಿಗೆ ಕಣ್ಣೆದುರು ಬಂದು ನಿಂತವು. ಅದರ ನಡುವೆ ತನ್ನದು ಅಂತ ಏನೂ ಉಳಿಯಲಿಲ್ಲವಲ್ಲ ಎಂದು ಅವರಿಗೆ ಅಳುವೇ ಬಂತು.

ಸಂಜೆ ಸೊಸೈಟಿಗೆ ಹೋಗಲು ಕಾಲು ಏಳಲಿಲ್ಲ. ಆದರೆ ದನಗಳಿಗೆ ಇವರ ಮರ್ಯಾದೆಯ ಚಿಂತೆ ಉಂಟೇ? ಹೋದರು. ಕೊನೆಗೆ ಬರುವ ಶಂಕರಿಯಕ್ಕ ಅವತ್ತು ಮೊದಲೇ ಬಂದು ಜಗಲಿಯಲ್ಲಿ ಕೂತಿದ್ದರು.

“ಶಂಕರಿಯಕ್ಕನನ್ನು ನೋಡಿ ರೈಗಳಿಗೇ ಜೀವ ಬಂತು” ಎಂದು ರುಕಿಯಾ ನಗೆಯಾಡಿದಳು. ಬೇರೆ ಯಾರೂ ನಗಲಿಲ್ಲ. ಶಂಕರಿಯಕ್ಕ ಎಲ್ಲರನ್ನೂ ಮುಂದೆ ಹೋಗಲು ಬಿಟ್ಟು, ಜನ ಕರಗಿದ ಮೇಲೆ ಎದ್ದು ಬಂದರು.

“ತಪ್ಪಾಯ್ತು ಅಕ್ಕ” ಎಂದರು ರೈಗಳು. “ಇನ್ನು ಯಾರದ್ದೂ ತೆಗೆಯುದಿಲ್ಲ. ಆಣೆ ಬೇಕಾದ್ರೆ ಇಡ್ತೇನೆ.”

“ಆಣೆ ಎಲ್ಲ ಎಂತಕ್ಕೆ ಮಾಬಲ? ಫೋಟೋ ಚೆಂದ ಬಂದಿದೆ ಅಂತ ಸೊಸೆ ಹೇಳಿದ್ಲು.” ಅವರು ಹಾಲಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಅದರ ಬಾಯಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. “ಅವ ಬಂದಿದ್ದ.”

“ಯಾರು?”

“ನನ್ನ ತಮ್ಮ. ನಾನು ಹಟ್ಟಿಯಿಂದ ಸೆಗಣಿ ಬುಟ್ಟಿ ಹಿಡ್ಕೊಂಡು ಹೊರಗೆ ಬರುವಾಗ ಅಂಗಳದಲ್ಲಿ ನಿಂತಿದ್ದಾನೆ. ಕಾಲಲ್ಲಿ ಚಪ್ಪಲಿ ಇಲ್ಲ. ಮುಖ ಇಡೀ ಕಣ್ಣೀರು. ಎಂತ ಆಯ್ತಾ ಅಂತ ಕೇಳಿದೆ. ನನ್ನನ್ನು ನೋಡಿದ, ಬುಟ್ಟಿ ನೋಡಿದ, ತಿರುಗಿ ಹೋದ. ಒಂದು ಲೋಟ ನೀರು ಕೊಡ್ಲಿಕ್ಕೂ ಬಿಡ್ಲಿಲ್ಲ ಮಾರಾಯ.”

“ಇನ್ನು ನೀವೇ ಒಮ್ಮೆ ಹೋಗಿ ಬರಬಹುದಲ್ಲ?”

“ಹೇಗೆ ಹೋಗುದು? ಅವ ಬಂದದ್ದು ನಾನು ಸತ್ತೆ ಅಂತ. ಸಾವಿಗೆ ಹೇಳಿಕೆ ಬೇಡ, ಯಾರೂ ಹೋಗಬಹುದು. ಬದುಕಿದ್ದವರ ಮನೆಗೆ ಕರೆಯದೆ ಹೇಗೆ ಹೋಗುದು?” ಎಂದು ಅವರು ಖಾಲಿ ಪಾತ್ರೆ ಎತ್ತಿಕೊಂಡು ಹೋದರು. ಅವರ ಹಾಲಿನ ಫ್ಯಾಟ್ ಅವತ್ತು ಕಮ್ಮಿಯಿತ್ತು. ಅವರು ಕೇಳಲೇ ಇಲ್ಲ.

ರೈಗಳು ನೆಲ ತೊಳೆಯಲು ಶುರು ಮಾಡಿದಾಗ ಕೃಷ್ಣಮೋಹನ ಬಂದ. ಬೆಳಿಗ್ಗೆಯೂ ಸಂಜೆಯೂ ಮೊದಲಿಗನಾಗಿ ಬರುವವನು, ಅವತ್ತು ಅಕ್ಕ ಏರು ಹತ್ತಿ ಹೋಗುವ ತನಕ ಎಲ್ಲಿಯೋ ಮರೆಯಲ್ಲಿ ನಿಂತಿದ್ದ ಎಂದು ಕಾಣುತ್ತದೆ. ಹಾಲು ಕೊಟ್ಟ. ಕೊಟ್ಟ ಮೇಲೂ ಹೋಗಲಿಲ್ಲ. ರೈಗಳು ಬೈಗುಳಕ್ಕೆ ಬೆನ್ನು ಕೊಟ್ಟವರ ಹಾಗೆ ಬಗ್ಗಿ ನೆಲ ಉಜ್ಜುತ್ತಲೇ ಇದ್ದರು.

“ಇನ್ನು ಫೋಟೋ ತೆಗೆಯುದು ಬಿಟ್ಟೆಯಾ?”

“ಬಿಟ್ಟೆ. ಸಾಕಾಯ್ತು.”

“ನಂದೊಂದು ತೆಗಿ.”

ರೈಗಳು ಸೊಂಟ ಹಿಡಿದುಕೊಂಡು ನೆಟ್ಟಗಾದರು. ಕೃಷ್ಣಮೋಹನ ಜಗಲಿಯ ಕಂಬದ ಹತ್ತಿರ ಹೋಗಿ ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ತೆಗೆದು ಎಂತ ಮಾಡುದು?”

“ಗುಂಪಿಗೆ ಹಾಕು. ಬೆಳಗ್ಗೆ ಅವಳದ್ದು ಹಾಕಿದ ಹಾಗೆ. ಎಂತದೂ ಬರೆಯುದು ಬೇಡ.”

“ಗುಂಪಲ್ಲಿ ನನ್ನನ್ನು ತಿಂದು ಹಾಕ್ತಾರೆ ಮಾರಾಯ. ಮತ್ತೆ, ಇನ್ನು ಊರವರು ಯಾರು ನಂಬುದು?”

“ಊರವರು ನಂಬುದು ಯಾರಿಗೆ ಬೇಕು?”

ರೈಗಳಿಗೆ ಈಗ ಅರ್ಥವಾಯಿತು. ಅರ್ಥವಾದ ಮೇಲೆ, ತೆಗೆಯುವುದಾದರೆ ಸರಿಯಾಗಿ ತೆಗೆಯಬೇಕು ಎನಿಸಿತು. ಸಂಜೆಯ ಬೆಳಕು ಜಗಲಿಗೆ ಬೀಳುತ್ತಿರಲಿಲ್ಲ, ಮುಖ ಕಪ್ಪಗೆ ಕಾಣುತ್ತಿತ್ತು. “ಈಗ ಒಳ್ಳೆದು ಬರ್ಲಿಕ್ಕಿಲ್ಲ. ನಾಳೆ ಬೆಳಗ್ಗೆ ಬಾ, ಬೆಳಕು ಒಳ್ಳೆದುಂಟು, ಚೆಂದ ಮಾಡಿ ತೆಗೀತೇನೆ” ಎಂದರು.

“ಚೆಂದ ಎಲ್ಲ ಬೇಡ, ಈಗಲೇ ತೆಗಿ” ಎಂದ ಕೃಷ್ಣಮೋಹನ. ಅವನ ಕಣ್ಣು ಗುಡ್ಡೆಯ ದಾರಿಯ ಮೇಲಿತ್ತು. “ಕತ್ತಲಾದ್ರೆ ಅವಳಿಗೆ ಇಳಿದು ಬರ್ಲಿಕ್ಕೆ ಕಣ್ಣು ಕಾಣುದಿಲ್ಲ.”

ರೈಗಳು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಮೊಬೈಲ್ ತೆಗೆದರು.