ಇಳಿಜಾರಿನಲ್ಲಿ ಹಿಡಿಯದ ಬ್ರೇಕು

ಅಣ್ಣ ಲಾರಿ ಓಡಿಸುತ್ತಾ ನಿದ್ದೆ ಹೊಡೆದ ಎಂಬ ಸುದ್ದಿ ಗುಬ್ಬಿಯಿಂದ ಕುಣಿಗಲ್‌ವರೆಗೂ ಹಬ್ಬಿತ್ತು. ನಮ್ಮ ಜನಕ್ಕೆ ಇಂಥದ್ದೊಂದು ಸಿಕ್ಕರೆ ಸಾಕು, ಕಾಫಿಗೆ ಸಕ್ಕರೆ ಬೇಕಾಗುವುದಿಲ್ಲ. ಆಗ ಅರವತ್ತರ ದಶಕ ಶುರುವಾಗಿತ್ತು. ನಾನು ಶಿರಾ ಗೇಟಿನಲ್ಲಿ ಲಾರಿ, ಕಾರುಗಳ ವೈರಿಂಗ್ ರಿಪೇರಿ ಅಂಗಡಿ ಇಟ್ಟಿದ್ದೆ. ಅಣ್ಣ ಬಾವಿ ತೋಡಿಸುವ ಕಂಟ್ರಾಕ್ಟರೊಬ್ಬರ ಬಳಿ ಡ್ರೈವರ್. ಬಂಡೆ ಕೊರೆಯುವ ಕಂಪ್ರೆಸರನ್ನು ಟ್ರೈಲರ್ ಮೇಲೆ ಕೂರಿಸಿ, ಲಾರಿಯ ಹಿಂದೆ ಕಟ್ಟಿಕೊಂಡು ಊರೂರು ತಿರುಗುವುದು ಅವನ ಕೆಲಸ.

ಆಯುಧಪೂಜೆ ಆದ ಮರುವಾರ, ಕಡಬದ ಕೆರೆ ಏರಿಯ ಕಡೆಗೆ ಇಳಿಯುವಾಗ, ಆ ಟ್ರೈಲರ್ ಲಾರಿಯನ್ನು ಹಿಂದಿನಿಂದ ನೂಕಿಕೊಂಡು ಹೋಗಿ ಎದುರು ಬರುತ್ತಿದ್ದ ಎತ್ತಿನ ಗಾಡಿಗೆ ಗುದ್ದಿಸಿತು. ಒಂದು ಎತ್ತು ಅಲ್ಲೇ ಸತ್ತಿತು. ಗಾಡಿಯವನ ಕಾಲು ಮುರಿಯಿತು. 'ಟ್ರೈಲರ್ ಬ್ರೇಕಿನ ಹಿಡಿ ಎಳ್ದೆ, ಹಿಡೀಲಿಲ್ಲ' ಎಂದು ಅಣ್ಣ ಕಂಡವರಿಗೆಲ್ಲ ಹೇಳಿದ. ಕಂಟ್ರಾಕ್ಟರು ಷೆಡ್ಡಿನಲ್ಲಿ ಟ್ರೈಲರಿನ ಚಕ್ರವನ್ನು ಜಾಕಿಯಿಂದ ಎತ್ತಿಸಿ, ಜೋರಾಗಿ ತಿರುಗಿಸಿ, ಹಿಡಿ ಎಳೆಸಿದರು. ಚಕ್ರ ಗಪ್ಪನೆ ನಿಂತಿತು. 'ಕಣ್ ಮುಚ್ಕೊಂಡು ಓಡ್ಸಿದ್ರೆ ಯಾವ್ ಬ್ರೇಕ್ ಹಿಡೀತದೆ?' ಎಂದು ಕೀ ಕಿತ್ತುಕೊಂಡರು.

ಕೆಲಸ ಹೋದದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ. ಒಂದು ದಿನ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದುಕೊಂಡು, 'ನಿದ್ದೆ ಮಾಡಿದ್ನೇನೋ ಕಣೋ. ನಂಗೇ ಈಗ ಗೊತ್ತಾಗ್ತಿಲ್ಲ' ಅಂದ. ಊರು ಹೇಳಿದ್ದನ್ನು ಇವನೂ ನಂಬತೊಡಗಿದ್ದ. ನನಗೆ ಕೋಪ ಬಂತು. ಕೋಪ ನನಗೆ ಬೇಗ ಬರುತ್ತದೆ.

ಆ ಟ್ರೈಲರ್ ಯುದ್ಧದ ಕಾಲದ್ದು, ಪರದೇಶದ ಮಾಲು. ಅದರ ಬ್ರೇಕು ಕರೆಂಟಿನದು. ಸ್ಟೇರಿಂಗಿನ ಕೆಳಗಿನ ಹಿಡಿ ಎಳೆದರೆ ಲಾರಿಯ ಬ್ಯಾಟರಿಯಿಂದ ಒಂದು ವೈರಿನಲ್ಲಿ ಕರೆಂಟು ಹಿಂದಕ್ಕೆ ಹೋಗಿ, ಟ್ರೈಲರ್ ಚಕ್ರದೊಳಗಿನ ಮ್ಯಾಗ್ನೆಟ್ ಎದ್ದು ಬ್ರೇಕು ಒತ್ತುತ್ತದೆ. ಹೋದ ಕರೆಂಟು ಬ್ಯಾಟರಿಗೆ ವಾಪಸು ಬರಬೇಕು. ವಾಪಸು ಬರುವ ವೈರನ್ನು ಹಿಂದೆ ಯಾರೋ ಪುಣ್ಯಾತ್ಮರು ಕತ್ತರಿಸಿ ಹಾಕಿದ್ದರು. ಲಾರಿಗೂ ಟ್ರೈಲರಿಗೂ ನಡುವೆ ಕಬ್ಬಿಣದ ಕೊಕ್ಕೆ ಇದೆಯಲ್ಲ, ಅದರಲ್ಲೇ ಬಂದುಕೊಳ್ಳಲಿ ಎಂದು. ಬರುತ್ತಲೂ ಇತ್ತು.

ನಾನು ಷೆಡ್ಡಿಗೆ ಹೋಗಿ ಟೆಸ್ಟ್ ಬಲ್ಬು ಹಚ್ಚಿ ನೋಡಿದೆ, ಚೆನ್ನಾಗಿ ಉರಿಯಿತು. ವೈರು ಅಲ್ಲಾಡಿಸಿದೆ, ಜಾಯಿಂಟು ಬಿಚ್ಚಿ ಉಜ್ಜಿದೆ. ಮ್ಯಾಗ್ನೆಟ್ಟಿಗೆ ಸ್ಕ್ರೂಡ್ರೈವರ್ ಹಿಡಿದರೆ ಕಿತ್ತು ತೆಗೆಯಲು ಶಕ್ತಿ ಬೇಕಾಯಿತು. ಎಲ್ಲಾ ಸರಿ. ಸರಿಯಾಗಿರುವ ಯಂತ್ರದಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಮನೆಗೆ ಬರುವಾಗ ಹೊಳೆಯಿತು: ಆದದ್ದು ಇಳಿಜಾರಿನಲ್ಲಿ, ನಾವೆಲ್ಲ ಪರೀಕ್ಷೆ ಮಾಡಿದ್ದು ನಿಲ್ಲಿಸಿಕೊಂಡು.

ಕಂಟ್ರಾಕ್ಟರಿಗೆ ಕೈ ಮುಗಿದು ಒಂದು ಬೆಳಿಗ್ಗೆ ಲಾರಿ ಕೇಳಿದೆ. ಕಂಪ್ರೆಸರ್ ಇಳಿಸಿ ಖಾಲಿ ಟ್ರೈಲರ್ ಕಟ್ಟಿದೆ. ಹಿಡಿಯ ವೈರಿಗೆ ಅಮ್ಮೀಟರ್ ಜೋಡಿಸಿ ತೊಡೆಯ ಮೇಲಿಟ್ಟುಕೊಂಡೆ. ಕರೆಂಟು ಹರಿದರೆ ಅದರ ಮುಳ್ಳು ಏಳುತ್ತದೆ. ಓಡಿಸುವುದಕ್ಕೆ ಅಣ್ಣ ಒಲ್ಲೆ ಅಂದ.

'ಓಡಿಸ್ತೀಯೋ, ಇಲ್ಲಾ ಜನ ಹೇಳಿದ್ದೇ ನಿಜ ಅಂತ ಒಪ್ಕೋತೀಯೋ?' ಎಂದು ರೇಗಿದೆ. ಹತ್ತಿ ಕೂತ.

ಗುಬ್ಬಿ ದಾಟಿದ ಮೇಲೆ ಸಮತಟ್ಟಾದ ರಸ್ತೆಯಲ್ಲಿ ಹಿಡಿ ಎಳೆಸಿದೆ. ಮುಳ್ಳು ಚಂಗನೆ ಎದ್ದಿತು, ಟ್ರೈಲರ್ ಹಿಂದಕ್ಕೆ ಜಗ್ಗಿತು. ಕಡಬದ ಇಳಿಜಾರು ಬಂತು. ಟ್ರೈಲರ್ ನಮ್ಮನ್ನು ನೂಕತೊಡಗಿತು.

'ಎಳಿ!'

'ಎಳ್ದಿದೀನಿ ಕಣೋ!'

ಅವನ ಕೈ ನೋಡಿದೆ. ಹಿಡಿ ಪೂರ್ತಿ ಎಳೆದಿದ್ದ, ಬೆರಳು ಬಿಳಿಚಿಕೊಂಡಿದ್ದವು. ಮುಳ್ಳು ಮಾತ್ರ ಸೊನ್ನೆಯ ಮೇಲೆ ಸತ್ತು ಬಿದ್ದಿತ್ತು. ಖಾಲಿ ಟ್ರೈಲರ್ ಆದ್ದರಿಂದ ಲಾರಿಯ ಬ್ರೇಕಿನಲ್ಲೇ ನಿಂತೆವು.

ಇಳಿದು ಕೊಕ್ಕೆ ನೋಡಿದೆ. ಲಾರಿ ಎಳೆಯುವಾಗ ಉಜ್ಜುವ ಬದಿ ಬೆಳ್ಳಗೆ ಹೊಳೆಯುತ್ತಿತ್ತು. ಟ್ರೈಲರ್ ನೂಕುವಾಗ ತಾಗುವ ಬದಿಗೆ ಕೆಂಪು ಬಣ್ಣ, ಒಂದು ಗೀರೂ ಇಲ್ಲದೆ ದಪ್ಪಗೆ ಕೂತಿತ್ತು. ಎಳೆಯುವಾಗ, ಎಳೆದು ತಂದು ನಿಲ್ಲಿಸಿದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ಕರೆಂಟು ವಾಪಸು ಬರುತ್ತಿತ್ತು. ನೂಕುವಾಗ ನಡುವೆ ಬಣ್ಣ, ಕರೆಂಟಿಗೆ ದಾರಿಯೇ ಇಲ್ಲ. ಬ್ರೇಕು ಬೇಕಾದ ಹೊತ್ತಿಗೇ ಬ್ರೇಕು ಇರುತ್ತಿರಲಿಲ್ಲ.

ಆಯುಧಪೂಜೆಗೆ ನಮ್ಮ ಡ್ರೈವರುಗಳು ಗಾಡಿಗೆ ಬಣ್ಣ ಬಳಿಯುತ್ತಾರೆ. ಒಂದಿಂಚು ಕಬ್ಬಿಣ ಬರಿದಾಗಿ ಕಂಡರೂ ಭಕ್ತಿ ಕಡಿಮೆಯಾಯಿತು ಎಂದೇ ಲೆಕ್ಕ. ಅಣ್ಣ ಕೊಕ್ಕೆ ಕಳಚಿ, ತೊಳೆದು, ಬಳಿದು, ಒಣಗಿಸಿ, ಇನ್ನೊಮ್ಮೆ ಬಳಿದು, ಕುಂಕುಮ ಇಟ್ಟಿದ್ದ. ಈಗ ಉಗುರಿನಿಂದ ಅದನ್ನು ಕೆರೆಯುತ್ತಾ ಕೂತ.

'ನಿದ್ದೆ ಮಾಡಿದ್ರೇ ವಾಸಿಯಾಗಿತ್ತು. ಪೂಜೆ ಮಾಡಿ ಎತ್ತು ಕೊಂದ್ನಲ್ಲೋ' ಅಂದ.

ನಾನು ಬಣ್ಣ ಕೆರೆದು, ಟ್ರೈಲರಿನಿಂದ ಬ್ಯಾಟರಿಗೆ ದಪ್ಪನೆಯದೊಂದು ವಾಪಸು ವೈರು ಎಳೆದೆ. ಮತ್ತೆ ಮೇಲೆ ಹೋಗಿ ಇಳಿದೆವು. ಹಿಡಿ ಎಳೆದ ಕೂಡಲೇ ಚಕ್ರ ಹಿಡಿಯಿತು. ಷೆಡ್ಡಿಗೆ ಬಂದಾಗ ಅಣ್ಣನೇ ಕಂಟ್ರಾಕ್ಟರಿಗೆ, 'ಬಣ್ಣ ಬಳ್ದವ್ನು ನಾನೇ ಸ್ವಾಮಿ' ಅಂದ. 'ಎಲ್ಲಾರೂ ಬಳೀತಾರೆ ಬುಡು' ಎಂದು ಅವರು ಕೀ ಕೊಟ್ಟರು. ಅಷ್ಟು ಸುಲಭ.

ಅಣ್ಣ ಕೀ ಜೇಬಿಗಿಟ್ಟುಕೊಂಡ, ಲಾರಿ ಹತ್ತಲಿಲ್ಲ. ಮರುದಿನ ನನ್ನನ್ನು ಕರೆದುಕೊಂಡು ಕಡಬಕ್ಕೆ, ಗಾಡಿಯವನ ಮನೆಗೆ ಹೋದ. ಆತ ಕಾಲಿಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಜಗುಲಿಯ ಮೇಲೆ ಮಲಗಿದ್ದ. ಅಣ್ಣ ನಿಂತುಕೊಂಡೇ ವೈರು, ಕೊಕ್ಕೆ, ಬಣ್ಣ ಎಲ್ಲ ಹೇಳಿದ. ತಾನು ನಿದ್ದೆ ಮಾಡಿರಲಿಲ್ಲ, ಆದರೂ ತಪ್ಪು ತನ್ನದೇ ಎಂದ. ಆತನಿಗೆ ಅರ್ಧವೂ ತಿಳಿದಂತೆ ಕಾಣಲಿಲ್ಲ.

'ನೀನ್ ನಿದ್ದೆ ಮಾಡ್ದೆ ಅಂತ ಯಾರಪ್ಪ ಹೇಳಿದ್ದು?' ಅಂದ. 'ಕಣ್ಣು ಇಷ್ಟಗಲ ಬಿಟ್ಕೊಂಡು, ಅದೇನೋ ಎಳೀತಾ, ಪಕ್ಕಕ್ಕೋಗು ಅಂತ ಕೂಗ್ತಿದ್ದೆ. ನಾನೇ ನೋಡಿದ್ನಲ್ಲ.'

'ಮತ್ತೆ ಯಾಕ್ರೀ ಹೇಳ್ಲಿಲ್ಲ?' ನನ್ನ ದನಿ ಏರಿಬಿಟ್ಟಿತು.

ಆತ ನನ್ನ ಮುಖವನ್ನೇ ನೋಡಿದ. 'ಯಾರ್ ಬಂದು ಕೇಳುದ್ರು?'