ಅಕ್ಕನಿಗೆ ತೆರೆಯಲಾಗದ ಫೋನು

ನನ್ನಕ್ಕನಿಗೆ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಪೊಲೀಸರು ವಶಪಡಿಸಿಕೊಂಡ ಫೋನುಗಳನ್ನು ತೆರೆಯುವುದು ಅವಳ ಉದ್ಯೋಗ. ಅವಳು ಬಂದಳೆಂದರೆ ನೆಂಟರೆಲ್ಲ ತಮ್ಮ ಫೋನು ಮಗುಚಿಡುತ್ತಾರೆ. ಅವಳನ್ನು ಕಟ್ಟಿಕೊಂಡ ಭಾವನೇ ಒಮ್ಮೆ, "ಸರ್ಕಾರ ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಓದುತ್ತಂತಲ್ಲ?" ಎಂದು ಮೆಲ್ಲಗೆ ಕೇಳಿದ್ದರು.

"ಅಯ್ಯೋ, ಫೋನಿಗೆ ಬೀಗ ಹಾಕೋದು ಒಂದು ಗೂಢ ಲೆಕ್ಕ, ನನಗೆ ಗೊತ್ತಿರೋ ಮಟ್ಟಿಗೆ ಅದನ್ನ ಮುರಿಯೋದು ಯಾರ ಕೈಲೂ ಆಗಲ್ಲ. ನಾವು ಗೆಲ್ಲೋದು ಜನರ ಸೋಮಾರಿತನದಿಂದ. ಹುಟ್ಟಿದ ತಾರೀಖೇ ಪಾಸ್‌ವರ್ಡ್ ಇಟ್ಟಿರ್ತಾರೆ, ಇಲ್ಲಾ ಚೀಟಿ ಬರೆದು ಫೋನಿನ ಕವರಿನೊಳಗೆ ಸಿಕ್ಕಿಸಿರ್ತಾರೆ," ಎಂದು ನಕ್ಕಿದ್ದಳು.

ಅಪ್ಪನಿಗೆ ಅವಳೇ ಪಾಠ ಮಾಡಿದ್ದಳು. ಆರು ಅಂಕಿ ಇರಲಿ, ಬರೆದಿಡಬೇಡಿ, ನನಗೂ ಹೇಳಬೇಡಿ. ಹತ್ತು ಸಲ ತಪ್ಪಿದರೆ ಎಲ್ಲ ಅಳಿಸಿಹೋಗುವ ಏರ್ಪಾಡೂ ಅವಳದೇ. ಅಪ್ಪ ಚಾಚೂ ತಪ್ಪದೆ ಪಾಲಿಸಿದರು. ಆಮೇಲೆ ಅಮ್ಮ ತೀರಿಕೊಂಡಳು. ವರ್ಷ ತುಂಬುವುದರೊಳಗೆ ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತೂ ಹೋಯಿತು, ಆ ಅಂಕಿಗಳೂ ಹೋದವು. ಅಮ್ಮನ ದನಿ ಉಳಿದಿದ್ದದ್ದು ಆ ಫೋನಿನಲ್ಲಿ ಮಾತ್ರ, ಅವಳು ಅಪ್ಪನಿಗೆ ಮಾತಾಡಿ ಕಳಿಸಿದ ಸಂದೇಶಗಳಲ್ಲಿ. ನಾನು ದುಡುಕಿ, ತೋಚಿದ್ದೆಲ್ಲ ಒತ್ತಿ, ಒಂಬತ್ತು ಅವಕಾಶ ಹಾಳು ಮಾಡಿದ್ದೆ.

"ಸರ್ಕಾರಾನೇ ಮನೇಲಿದೆ, ಒಂದು ಫೋನ್ ತೆಗೆಯೋಕಾಗಲ್ವೇನೇ?" ಎಂದು ತಪ್ಪು ನನ್ನದಾದರೂ ಅಕ್ಕನ ಮೇಲೇ ಹಾರಾಡಿದೆ.

"ಹೇಳಿಕೊಟ್ಟಿದ್ದು ನಾನೇ ಅಲ್ವಾ? ಚೆನ್ನಾಗೇ ಹೇಳಿಕೊಟ್ಟಿದೀನಿ," ಎಂದು ಅತ್ತುಬಿಟ್ಟಳು.

ಮರುದಿನ ಅವಳು ರಟ್ಟೊಂದನ್ನು ಫೋನಿನ ಅಳತೆಗೆ ಕತ್ತರಿಸಿ, ಪರದೆಯ ಮೇಲಿರುವ ಹಾಗೆಯೇ ಒಂದರಿಂದ ಸೊನ್ನೆವರೆಗಿನ ಅಂಕಿಗಳನ್ನು ಬರೆದಳು. ಪುಣ್ಯಕ್ಕೆ ಅಪ್ಪನ ಬಲಗೈ ಆಡುತ್ತಿತ್ತು. ಬೆಳಗಿನ ಬಿಸಿಲಿಗೆ ಕೂತ ಅವರ ಕೈಗೆ ರಟ್ಟು ಕೊಟ್ಟು, ಸೋರುವ ನಲ್ಲಿ, ಪಕ್ಕದ ಮನೆಯ ನಾಯಿ ಅಂತ ಏನೇನೋ ಹರಟಿದಳು.

"ನೆನಪು ಮಾಡ್ಕೊಳ್ಳಿ ಅಂದ್ರೆ ಗಾಬರಿಯಾಗ್ತಾರೆ. ಸುಮ್ನಿರು, ಬೆರಳಿಗೆ ಗೊತ್ತಿರುತ್ತೆ," ಎಂದಳು ನನಗೆ.

ಹತ್ತೊಂಬತ್ತು ದಿನ ಹೆಬ್ಬೆರಳು ರಟ್ಟಿನ ಮೇಲೆ ಸುಮ್ಮನೆ ಅಲೆಯಿತು. ನನಗೆ ತಲೆ ಕೆಟ್ಟುಹೋಗಿತ್ತು. ಇಪ್ಪತ್ತನೆಯ ದಿನ ಅದೇ ಆರು ಅಂಕಿ, ಬಿಟ್ಟೂ ಬಿಡದೆ ಮೂರು ಸಲ.

ಅಕ್ಕ ಆ ಅಂಕಿಗಳನ್ನು ತಾನು ಒತ್ತಲಿಲ್ಲ. ಮಾತು ನಿಲ್ಲಿಸದೆ ರಟ್ಟು ತೆಗೆದು ಫೋನನ್ನೇ ಅಪ್ಪನ ಕೈಗಿಟ್ಟಳು. ಉಳಿದದ್ದು ಒಂದೇ ಅವಕಾಶ. ನಾನು ಕಣ್ಣು ಮುಚ್ಚಿಕೊಂಡೆ.

ಫೋನು ತೆರೆಯಿತು. ಅಕ್ಕ ಕೊನೆಯ ಸಂದೇಶ ಒತ್ತಿದಳು. ಅಮ್ಮನ ದನಿ, ಅದೇ ಅವಸರ: "ರೀ, ಎಲ್ಲಿದೀರಿ? ಬರ್ತಾ ಸೋಪು ತನ್ನಿ, ಮರೀಬೇಡಿ."

ನಾವಿಬ್ಬರೂ ಬಿಕ್ಕಿ ಬಿಕ್ಕಿ ಅತ್ತೆವು. ಅಪ್ಪ ಅಳಲಿಲ್ಲ. ಕುರ್ಚಿಯ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕತೊಡಗಿದರು.